ಕಾಷನ್ ಚೀಟಿ

ನನ್ನ ಹೆಂಡತಿ ರೈಲ್ವೆಯಲ್ಲಿ ಕೀಮ್ಯಾನ್. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಯಾವ ಬೀಗದ ಕೀ ಎಂದು ಕೇಳುತ್ತಾರೆ. ನಮ್ಮ ಕೇಂದ್ರದ ಮುಖ್ಯಸ್ಥರಂತೂ ಒಂದು ಸಮಾರಂಭದಲ್ಲಿ, ಬೀರೂರು ಸ್ಟೇಷನ್ನಿನ ಬೀಗದ ಕೈಗಳೆಲ್ಲ ಈ ತಾಯಿಯ ಹತ್ತಿರವೇ ಇರುವುದು ಎಂದು ಮೈಕಿನಲ್ಲಿ ಪರಿಚಯ ಮಾಡಿಸಿಬಿಟ್ಟರು. ಅವಳು ಕೂತಲ್ಲಿಂದಲೇ ಎಲ್ಲರಿಗೂ ಕೈಮುಗಿದಳು. ಮನೆಗೆ ಬರುವಾಗ, ಇನ್ನು ಮೇಲೆ ಸೊಂಟಕ್ಕೆ ಒಂದು ಗೊಂಚಲು ಸಿಕ್ಕಿಸಿಕೊಂಡೇ ನಿಮ್ಮ ಸಮಾರಂಭಕ್ಕೆ ಬರುತ್ತೇನೆ ಎಂದಳು.

ಕೀ ಎಂದರೆ ಹಳಿಯನ್ನು ಅದರಡಿ ಅಡ್ಡಡ್ಡ ಹಾಸಿದ ಸ್ಲೀಪರ್ ತೊಲೆಗೆ ಬಿಗಿದು ಹಿಡಿಯುವ ಕಬ್ಬಿಣದ ತುಂಡು. ಈಗ ಅದರ ಜಾಗದಲ್ಲಿ ಬಾಗಿದ ಕ್ಲಿಪ್ಪು ಬಂದಿದೆ. ಕೆಲಸದ ಹೆಸರು ಮಾತ್ರ ಹಳೆಯದೇ ಉಳಿದಿದೆ. ಬೆಳಗ್ಗೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಬಾವುಟ ಹಿಡಿದು ಹೊರಟರೆ, ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ನೋಡಿ, ಸಡಿಲಾದದ್ದನ್ನು ಬಿಗಿ ಮಾಡಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರುತ್ತಾಳೆ. ಆ ಕೆಲಸದಲ್ಲಿ ಹೆಂಗಸರು ಕಡಿಮೆ. ಅವಳ ಹೆಜ್ಜೆ ಈಗ ಸ್ಲೀಪರಿನ ಅಳತೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಮದುವೆ ಮನೆಗಳಲ್ಲಿ ನಾನು ಅವಳ ಪಕ್ಕ ಓಡಬೇಕಾಗುತ್ತದೆ.

ನನ್ನದು ಫ್ಯಾನಿನ ಕೆಳಗಿನ ಕೆಲಸ. ಒಂದು ಸಂಸ್ಥೆಯವರು ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಮೂರೂ ಕಡೆಯ ಯಂತ್ರಗಳ ಯೋಗಕ್ಷೇಮ ನನ್ನದು. ಬೀರೂರಿನಲ್ಲಿ ಮನೆ ಇದ್ದವನಿಗೆ ಇದು ಕಷ್ಟವಲ್ಲ. ಮೂರು ಊರಿಗೂ ಇಲ್ಲಿಂದ ಮೂರು ದಿಕ್ಕಿಗೆ ಹಳಿ ಹೋಗುತ್ತದೆ. ಯಂತ್ರಗಳೆಲ್ಲ ಹಳೆಯವು. ಅವುಗಳಲ್ಲಿ ಓಡುವುದು ಮುಕ್ತ ಆಪರೇಟಿಂಗ್ ಸಿಸ್ಟಮ್. ಅದನ್ನು ಯಾರೂ ಮಾರುವುದಿಲ್ಲ. ಎಲ್ಲೆಲ್ಲಿಯೋ ಇರುವ, ಒಬ್ಬರ ಮುಖ ಒಬ್ಬರು ನೋಡಿರದ ಜನ, ಎಷ್ಟೋ ಮಂದಿ ತಮ್ಮ ಬಿಡುವಿನಲ್ಲಿ, ಬರೆದು, ತಿದ್ದಿ, ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತಾರೆ. ಒಳಗೆ ಎಲ್ಲಾದರೂ ಕಳ್ಳ ನುಗ್ಗುವಂಥ ಸಂದು ಕಂಡರೆ ಅದನ್ನು ಮುಚ್ಚಿ, ಸೆಕ್ಯುರಿಟಿ ಅಪ್‌ಡೇಟ್ ಎಂದು ಕಳಿಸುತ್ತಾರೆ. ನಾವು ಹಾಕಿಕೊಳ್ಳಬೇಕು. ಯಾವಾಗ ಹಾಕಿಕೊಳ್ಳಬೇಕು ಎಂಬುದರಲ್ಲಿಯೇ ನಾನು ಎಡವಿದ್ದು.

ನಾನು ಸ್ವಭಾವದಲ್ಲಿ ಆತುರಗಾರ. ಬಿಸಿ ಕಾಫಿ ಕುಡಿದು ನಾಲಿಗೆ ಸುಟ್ಟುಕೊಳ್ಳದ ದಿನವಿಲ್ಲ. ಅಪ್‌ಡೇಟ್ ವಿಷಯದಲ್ಲೂ ಅಷ್ಟೇ: ಬಂದದ್ದು ಬಂದ ಗಳಿಗೆಯಲ್ಲೇ ಒಳಗೆ ಹೋಗಬೇಕು, ಬೇಕಾದರೆ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗಬೇಕು, ಯಾರ ಅಪ್ಪಣೆಗೂ ಕಾಯಬಾರದು ಎಂದು ಮೂರೂ ಕೇಂದ್ರಗಳಲ್ಲಿ ಬರೆದಿಟ್ಟಿದ್ದೆ. ಅದರ ಬಗ್ಗೆ ಜಂಬವೂ ಇತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೆಂಡತಿ ಹೇಳಿದರೆ, ನಿನ್ನ ಗೂಡ್ಸ್ ಗಾಡಿ ಕಾಲ ಮುಗಿಯಿತು ಕಣೇ ಎನ್ನುತ್ತಿದ್ದೆ.

ಕಡೂರಿನ ಕೇಂದ್ರದಲ್ಲಿ ಆಗಾಗ ಸರ್ಕಾರಿ ನೌಕರರ ಕಂಪ್ಯೂಟರ್ ಪರೀಕ್ಷೆ ನಡೆಯುತ್ತದೆ. ಪಾಸಾಗದಿದ್ದರೆ ಬಡ್ತಿ ಇಲ್ಲ. ಬರುವವರಲ್ಲಿ ಅರ್ಧ ಮಂದಿ ನನಗಿಂತ ಹಿರಿಯರು, ಮೌಸನ್ನು ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟುವವರು. ಅವರಲ್ಲಿ ಒಬ್ಬರು ಪಂಚನಹಳ್ಳಿ ಕಡೆಯ ನರ್ಸು. ಐವತ್ತೆಂಟರ ಆಸುಪಾಸು, ನಿವೃತ್ತಿಗೆ ಹೆಚ್ಚು ಕಾಲವಿರಲಿಲ್ಲ. ಕೊನೆಯ ಒಂದೆರಡು ವರ್ಷವಾದರೂ ಮೇಲ್ವಿಚಾರಕಿಯಾಗಿ ಕೂರಬೇಕು, ತನ್ನ ಕೈಕೆಳಗೆ ಕಲಿತವರೆಲ್ಲ ಆಗಿಬಿಟ್ಟಿದ್ದಾರೆ ಎಂದು ಪರೀಕ್ಷೆಗೆ ಮುಂಚೆ ನನ್ನೊಡನೆ ಹೇಳಿಕೊಂಡಿದ್ದರು. ಚೆನ್ನಾಗಿಯೇ ಅಭ್ಯಾಸ ಮಾಡಿಕೊಂಡು ಬಂದಿದ್ದರು; ಕನ್ನಡದಲ್ಲಿ ನಿಧಾನವಾಗಿ, ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದರು.

ಪರೀಕ್ಷೆ ಅರ್ಧವಾದಾಗ ಅವರ ಪರದೆ ಕಪ್ಪಾಯಿತು. ಅದೊಂದು ಯಂತ್ರ ಹಿಂದಿನ ದಿನ ಕರೆಂಟಿನ ತಂತಿ ಸಡಿಲಾಗಿ ಆಫ್ ಆಗಿತ್ತು. ಬಾಕಿ ಇದ್ದ ಅಪ್‌ಡೇಟನ್ನು ಅದು ಪರೀಕ್ಷೆಯ ನಡುವೆ ನೆನಪಿಸಿಕೊಂಡು, ಹಾಕಿಕೊಂಡು, ನಾನು ಬರೆದಿಟ್ಟ ಹಾಗೆಯೇ ರೀಸ್ಟಾರ್ಟ್ ಆಗಿತ್ತು. ಪರೀಕ್ಷೆಯ ನಿಯಮದಂತೆ ಒಮ್ಮೆ ಹೊರಬಿದ್ದವರು ಮತ್ತೆ ಒಳಗೆ ಹೋಗುವಂತಿಲ್ಲ. ಮೇಲ್ವಿಚಾರಣೆಗೆ ಬಂದಿದ್ದವರು ಏನು ಒತ್ತಿದಿರಿ ಎಂದು ಕೇಳಿದರು. ಆಕೆ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಏನೋ ಒತ್ಬಿಟ್ಟೆ ಅನ್ಸುತ್ತೆ ಸಾರ್. ನನ್ ಕೈಯೇ ಸರಿ ಇಲ್ಲ."

ಅಭ್ಯರ್ಥಿ ತಪ್ಪು ಕೀ ಒತ್ತಿದ್ದರಿಂದ ಎಂದು ಮೇಲ್ವಿಚಾರಣೆಯವರು ವರದಿಯಲ್ಲಿ ಬರೆದುಕೊಂಡರು. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಏನಾಗಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡಲಿಲ್ಲ. ಹೇಳಿದರೆ ಕೇಂದ್ರಕ್ಕೆ ಕೆಟ್ಟ ಹೆಸರು, ಪರೀಕ್ಷೆ ಬೇರೆ ಕಡೆಗೆ ಹೋಗುತ್ತದೆ ಎಂದೆಲ್ಲ ಆಮೇಲೆ ಸಮಾಧಾನ ಹೇಳಿಕೊಂಡೆ. ನಿಜವೆಂದರೆ ಹೆದರಿದ್ದೆ.

ಆ ಸಂಜೆಯೇ ಮೂರೂ ಕೇಂದ್ರಗಳಲ್ಲಿ ಅಪ್‌ಡೇಟ್ ಎಂಬುದನ್ನೇ ಬಂದ್ ಮಾಡಿಸಿದೆ. ಅಪ್‌ಡೇಟೇ ಇಲ್ಲದಿದ್ದರೆ ರೀಸ್ಟಾರ್ಟೂ ಇಲ್ಲ, ಮರ್ಯಾದೆ ಹೋಗುವುದೂ ಇಲ್ಲ. ತಿಂಗಳುಗಳು ಹೀಗೆಯೇ ಕಳೆದವು. ಒಂದು ದಿನ ಹೆಂಡತಿ ಇಲಾಖೆಯ ಯಾವುದೋ ಅರ್ಜಿ ತುಂಬಲು ಕಡೂರಿನ ಕೇಂದ್ರಕ್ಕೆ ಬಂದಳು. ಪರದೆಯ ಮೂಲೆಯಲ್ಲಿ ಬಾಕಿ ಅಪ್‌ಡೇಟುಗಳ ಸಂಖ್ಯೆ ಕೆಂಪಗೆ ಕೂತಿತ್ತು. ಹಳಿಯ ಮೇಲೆ ಸಡಿಲು ಹುಡುಕಿ ಹುಡುಕಿ ಅವಳಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಇನ್ನೂರ ಹದಿನಾಲ್ಕು ಎಂದರೆ ಏನು ಎಂದು ಕೇಳಿದಳು. ಪರೀಕ್ಷೆಯಲ್ಲಿ ಒಂದು ಯಂತ್ರ ಕೈಕೊಟ್ಟಿತು, ಅದಕ್ಕೇ ಎಲ್ಲ ನಿಲ್ಲಿಸಿದ್ದೇನೆ ಎಂದು ಅರ್ಧ ಕಥೆ ಹೇಳಿದೆ. ನರ್ಸಿನ ವಿಷಯ ಎತ್ತಲಿಲ್ಲ.

"ನೆಗಡಿ ಬಂತು ಅಂತ ಮೂಗು ಕುಯ್ಕೊಂಡ್ರಾ? ಒಂದ್ ಗಾಡಿ ಲೇಟಾಯ್ತು ಅಂತ ನಾನ್ ಹಳಿ ನೋಡೋದೇ ಬಿಟ್ರೆ ನಡೀತದಾ?" ಎಂದಳು.

ಅರ್ಜಿ ಅಲ್ಲಿಗೇ ನಿಂತಿತು. ಬೀರೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಅವಳು ತನ್ನ ಕೆಲಸದ ರೀತಿ ಹೇಳಿದಳು. ಹದಿನೈದು ವರ್ಷ ಸಂಸಾರ ಮಾಡಿದ್ದರೂ ನಾನು ಅದನ್ನು ಕೇಳಿರಲಿಲ್ಲ. ಕ್ಲಿಪ್ಪು ಸಡಿಲಾಗಿದ್ದರೆ ಸುತ್ತಿಗೆಯಿಂದ ಅಲ್ಲೇ ಬಿಗಿ ಮಾಡುತ್ತಾಳೆ. ಅದಕ್ಕೆ ಯಾರನ್ನೂ ಕೇಳುವುದಿಲ್ಲ, ಗಾಡಿಯೂ ನಿಲ್ಲುವುದಿಲ್ಲ. ಸ್ಲೀಪರ್ ಬದಲಾಯಿಸುವಂಥದ್ದು, ಜಲ್ಲಿ ತುಂಬುವಂಥದ್ದು ಕಂಡರೆ ಬರೆದುಕೊಂಡು ಬಂದು ಮೇಲಿನವರಿಗೆ ಹೇಳುತ್ತಾಳೆ. ಅವೆಲ್ಲ ಒಟ್ಟಾಗಿ ಬ್ಲಾಕಿಗೆ ಕಾಯುತ್ತವೆ. ಬ್ಲಾಕ್ ಎಂದರೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಈ ಹಳಿಯ ಮೇಲೆ ಗಾಡಿ ಬಿಡುವುದಿಲ್ಲ ಎಂದು ಕೊಡುವ ಬಿಡುವು. ಸಿಕ್ಕಿತೆಂದರೆ ಹಳಿಯವರು, ಸಿಗ್ನಲಿನವರು, ಮೇಲಿನ ಕರೆಂಟಿನ ತಂತಿಯವರು ಎಲ್ಲರೂ ಒಟ್ಟಿಗೆ ಇಳಿದು ತಮ್ಮ ತಮ್ಮ ಬಾಕಿ ತೀರಿಸಿಕೊಳ್ಳುತ್ತಾರೆ. ಒಂದೊಂದು ಸ್ಲೀಪರಿಗೂ ಗಾಡಿ ನಿಲ್ಲಿಸುತ್ತಾ ಕೂತರೆ ಜನ ಊರು ಸೇರುವುದು ಯಾವಾಗ ಎಂದಳು.

ಹಾಗಾದರೆ ಬಾವುಟ ಯಾಕೆ ಎಂದು ಕೇಳಿದೆ. ಹಳಿಯೇ ಬಿರುಕು ಬಿಟ್ಟಿದ್ದರೆ ಬ್ಲಾಕೂ ಇಲ್ಲ ಗೀಕೂ ಇಲ್ಲ, ಬಾವುಟ ಹಿಡಿದು ಓಡುವುದೇ. ಚಳಿಗಾಲದ ಬೆಳಗ್ಗೆ ಹಳಿ ಕುಗ್ಗಿ ಹಾಗಾಗುತ್ತದಂತೆ. ಅವಳು ಎರಡು ಸಲ ಗಾಡಿ ನಿಲ್ಲಿಸಿದ್ದಾಳೆ. ಒಂದು ಸಲ ನಾನು ಅದೇ ಗಾಡಿಯಲ್ಲಿ ಕೂತು ತಡವಾಯಿತೆಂದು ರೈಲ್ವೆಯವರನ್ನು ಬೈದುಕೊಂಡಿದ್ದೆ. ಮುಂದೆ ಬಾವುಟ ಹಿಡಿದು ನಿಂತಿದ್ದವಳು ನನ್ನ ಹೆಂಡತಿಯೇ ಎಂದು ಆ ಬಸ್ಸಿನಲ್ಲಿ ತಿಳಿಯಿತು. ಅವಳ ಮೇಲೆ ಎಂಥ ಗೌರವ ಹುಟ್ಟಿತೆಂದರೆ, ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟೆ.

ಅಂದಿನಿಂದ ನಾನು ಅಪ್‌ಡೇಟಿನ ಜೊತೆ ಬರುವ ಬರಹಗಳನ್ನು ಓದತೊಡಗಿದೆ. ಅಷ್ಟು ವರ್ಷ ಒತ್ತುವ ಗುಂಡಿ ಮಾತ್ರ ನೋಡಿದ್ದೆ. ಓದಿದ ಮೇಲೆ ಆ ಮುಖ ಕಾಣದ ಜನರೂ ನನ್ನ ಹೆಂಡತಿಯ ಪಂಗಡದವರೇ ಎಂದು ಗೊತ್ತಾಯಿತು. ದೊಡ್ಡ ಬಿರುಕು ಕಂಡರೆ ಅವರು ಕಾಯುವುದಿಲ್ಲ, ಆವತ್ತೇ ಕಳಿಸುತ್ತಾರೆ. ಸಣ್ಣಪುಟ್ಟದ್ದನ್ನೆಲ್ಲ ಕೂಡಿಟ್ಟು, ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿ, ಕೆಲವು ವಾರಕ್ಕೋ ತಿಂಗಳಿಗೋ ಒಮ್ಮೆ ಒಂದೇ ಕಟ್ಟಾಗಿ ಬಿಡುತ್ತಾರೆ. ಒಂದೇ ಸಂದು ಹಲವರ ಸಿಸ್ಟಮ್‌ಗಳಲ್ಲಿ ಇದ್ದರೆ, ಪರಸ್ಪರ ಮಾತಾಡಿಕೊಂಡು, ಎಲ್ಲರೂ ಮದ್ದು ತಯಾರು ಮಾಡಿಕೊಳ್ಳುವವರೆಗೆ ಗುಟ್ಟು ಕಾಪಾಡಿ, ಒಂದೇ ದಿನ ಎಲ್ಲರೂ ಬಾಯಿ ಬಿಡುತ್ತಾರೆ. ಯಾರೊಬ್ಬರ ಮನೆಯೂ ಕಳ್ಳನಿಗೆ ತೆರೆದಿರಬಾರದೆಂದು ಈ ಕಟ್ಟುನಿಟ್ಟು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ಹಳೆಯ ಅಂಗಿ ಹರಿದರೆ ಇವರು ಹೊಸ ಅಂಗಿ ತೊಡಿಸುವುದಿಲ್ಲ. ಹೊಸದರಿಂದ ತುಂಡು ಬಟ್ಟೆ ಕತ್ತರಿಸಿ ತಂದು, ಹಳೆಯದಕ್ಕೆ ಹೊಲಿಗೆ ಕಾಣದಂತೆ ತೇಪೆ ಹಾಕುತ್ತಾರೆ. ನಮ್ಮ ಹಳೆಯ ಯಂತ್ರಗಳು ಇವತ್ತಿಗೂ ನಡೆಯುತ್ತಿರುವುದು ಆ ತೇಪೆಯ ಪುಣ್ಯದಿಂದ. ಹೊಗಳುವವರಿಲ್ಲದ ಕೆಲಸ ಅದು.

ನಾನೂ ಬ್ಲಾಕ್ ಶುರು ಮಾಡಿದೆ. ಸೋಮವಾರ ಅಜ್ಜಂಪುರ, ಮಂಗಳವಾರ ತರೀಕೆರೆ, ಬುಧವಾರ ಕಡೂರು. ಮಧ್ಯಾಹ್ನ ಒಂದರಿಂದ ಮೂರು ಯಾರೂ ಯಂತ್ರ ಮುಟ್ಟುವಂತಿಲ್ಲ. ಅಜ್ಜಂಪುರದಲ್ಲಿ ಬಾಗಿಲ ಬಳಿಯ ಒಂದು ಯಂತ್ರಕ್ಕೆ ಮೊದಲ ತುತ್ತು. ಅದಕ್ಕೆ ಒಗ್ಗಿದರೆ ಉಳಿದವಕ್ಕೆ. ಅಲ್ಲಿನ ಕೇಂದ್ರ ನೋಡಿಕೊಳ್ಳುವ ಹೆಣ್ಣುಮಗಳು, ಪ್ರಯೋಗಕ್ಕೆ ನಮ್ಮೂರೇ ಸಿಕ್ಕಿತಾ ಎಂದು ಜಗಳಕ್ಕೆ ಬಂದಳು. ಸಾರಿಗೆ ಉಪ್ಪು ಸಾಕೇ ಎಂದು ಯಾರಾದರೂ ಒಬ್ಬರು ಮೊದಲು ರುಚಿ ನೋಡಬೇಕಲ್ಲಮ್ಮ ಎಂದೆ. ಬರೀ ನಮ್ಮೂರಿಗೇ ಉಪ್ಪು ಜಾಸ್ತಿ ಎಂದು ಗೊಣಗಿಕೊಂಡು ಸುಮ್ಮನಾದಳು.

ಆ ಪರದೆ ಕಪ್ಪಾಗಿ ಸುಮಾರು ಒಂದು ವರ್ಷವಾದ ಮೇಲೆ ಕಡೂರಿನಲ್ಲಿ ಮತ್ತೆ ಅದೇ ಪರೀಕ್ಷೆ ಬಂತು, ಒಂದು ಶುಕ್ರವಾರ. ಬರೆಯುವವರ ಪಟ್ಟಿಯಲ್ಲಿ ಪಂಚನಹಳ್ಳಿಯ ನರ್ಸು ಇದ್ದರು. ಅವರ ನಿವೃತ್ತಿಯ ಲೆಕ್ಕ ಹಾಕಿದರೆ ಇದೇ ಕೊನೆಯ ಅವಕಾಶ. ಈ ಸಲ ಆ ಕೋಣೆಯಲ್ಲಿ ಒಂದು ಸೊಳ್ಳೆಯೂ ಅವರನ್ನು ಕದಲಿಸಬಾರದು ಎಂದು ನಿಶ್ಚಯ ಮಾಡಿದೆ.

ಆ ವಾರದ ಸೋಮವಾರವೇ ಬಿರುಕಿನ ಸುದ್ದಿ ಬಂತು. ಯಂತ್ರದ ಮುಂದೆ ಕೂತ ಯಾರು ಬೇಕಾದರೂ, ಗುಟ್ಟು ಗೊತ್ತಿದ್ದರೆ, ಅದರ ಯಜಮಾನನಾಗಿಬಿಡಬಹುದಾದ ಸಂದು. ಮದ್ದು ಜೊತೆಯಲ್ಲೇ ಬಂದಿತ್ತು. ಅದು ಸಿಸ್ಟಮ್ಮಿನ ತಿರುಳಿಗೇ ಸೇರಬೇಕಾದ್ದರಿಂದ ರೀಸ್ಟಾರ್ಟ್ ಮಾಡಲೇಬೇಕು. ಅಜ್ಜಂಪುರದ ಬಾಗಿಲ ಬಳಿಯ ಯಂತ್ರಕ್ಕೆ ಹಾಕಿದೆ. ಯಂತ್ರ ಎದ್ದಿತು, ಆದರೆ ನೆಟ್‌ವರ್ಕಿಗೆ ಸೇರಲಿಲ್ಲ. ಅದರ ಹಳೆಯ ನೆಟ್‌ವರ್ಕ್ ಕಾರ್ಡಿಗೂ ಹೊಸ ತಿರುಳಿಗೂ ಕೂಡಿಬರಲಿಲ್ಲ. ಕಡೂರಿನ ಪರೀಕ್ಷಾ ಯಂತ್ರಗಳಲ್ಲಿ ಇರುವುದೂ ಅದೇ ಕಾರ್ಡು. ಅಪ್‌ಡೇಟ್ ಹಾಕಿದರೆ ಶುಕ್ರವಾರ ಪರೀಕ್ಷೆಯೇ ನಡೆಯುವುದಿಲ್ಲ. ಹಾಕದಿದ್ದರೆ ಅಷ್ಟು ಜನ ಬಂದು ಹೋಗುವ ಕೋಣೆಯಲ್ಲಿ ಬಿರುಕು ಬಾಯಿ ತೆರೆದುಕೊಂಡು ಇರುತ್ತದೆ. ಕಂಡದ್ದನ್ನು ಆ ಸಿಸ್ಟಮ್ಮಿನವರ ಪುಟದಲ್ಲಿ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದು, ಗಾಡಿ ಹಿಡಿದು ಮನೆಗೆ ಬಂದೆ.

ಹೆಂಡತಿ ಜಗುಲಿಯಲ್ಲಿ ಕೂತು ಬೂಟಿನೊಳಗಿನ ಜಲ್ಲಿ ಚೂರು ಒದರುತ್ತಿದ್ದಳು. ನನ್ನ ಮುಖ ನೋಡಿ ಏನೆಂದು ಕೇಳಿದಳು. ಕರ್ನಲ್ ಬದಲಾಯಿಸಲು ಆಗುತ್ತಿಲ್ಲ ಎಂದೆ. ಯಾವ ಊರಿನ ಕರ್ನಲ್, ಮಿಲಿಟರಿಯವರಾ ಎಂದಳು. ಯಂತ್ರದ ತಿರುಳಿಗೆ ಹಾಗೆನ್ನುತ್ತಾರೆ ಎಂದು ಬಿಡಿಸಿ ಹೇಳಿದ ಮೇಲೆ ಬೂಟು ಕೆಳಗಿಟ್ಟಳು.

"ಕಾಷನ್ ಹಾಕ್ರಿ. ಬಿರುಕು ಕಂಡ್ ಗಳಿಗೆಗೇ ಹೊಸ ಹಳಿ ಎಲ್ಲಿಂದ ಬರ್ಬೇಕು? ಕ್ಲ್ಯಾಂಪ್ ಬಿಗೀತೀವಿ, ಗಾಡಿ ನಿಧಾನ ಬಿಡ್ತೀವಿ. ಬ್ಲಾಕ್ ಸಿಕ್ದಾಗ ಹಳಿ ಹಾಕ್ತೀವಿ."

ಕಾಷನ್ ಎಂದರೆ ಇಂಥ ಜಾಗದಲ್ಲಿ ಇಷ್ಟು ನಿಧಾನವಾಗಿ ಹೋಗು ಎಂಬ ಅಪ್ಪಣೆ. ಹಿಂದಿನ ಸ್ಟೇಷನ್ನಿನಲ್ಲೇ ಡ್ರೈವರಿನ ಕೈಗೆ ಅದರ ಚೀಟಿ ಕೊಡುತ್ತಾರೆ. ನಾನು ಪ್ರಕಟಣೆಯನ್ನು ಮತ್ತೆ ತೆಗೆದು ಕೊನೆಯವರೆಗೆ ಓದಿದೆ. ಆತುರಗಾರ ಕೊನೆಯ ಪ್ಯಾರಾ ಓದುವುದುಂಟೇ? ಅಲ್ಲೇ ಇತ್ತು. ಈಗಲೇ ರೀಸ್ಟಾರ್ಟ್ ಮಾಡಲಾಗದವರು ಸಿಸ್ಟಮ್ಮಿನ ಇಂಥ ಒಂದು ಭಾಗವನ್ನು ತಾತ್ಕಾಲಿಕವಾಗಿ ಮುಚ್ಚಿದರೆ ಸಾಕು, ಆ ದಾರಿಯಿಂದ ಯಾರೂ ನುಗ್ಗಲಾರರು ಎಂದು ಆ ಪುಣ್ಯಾತ್ಮರು ಬರೆದಿದ್ದರು. ಎಲ್ಲೋ ಕಡೂರಿನಲ್ಲಿ ಒಬ್ಬ ಶುಕ್ರವಾರದ ಪರೀಕ್ಷೆ ಇಟ್ಟುಕೊಂಡು ಒದ್ದಾಡುತ್ತಾನೆ ಎಂದು ಅವರಿಗೆ ಹೇಗೆ ಹೊಳೆಯಿತೋ! ಮಂಗಳವಾರ ಕಡೂರಿಗೆ ಹೋಗಿ ಪ್ರತಿ ಯಂತ್ರದಲ್ಲೂ ಆ ಭಾಗ ಮುಚ್ಚಿದೆ. ಪೆನ್‌ಡ್ರೈವ್ ಹಾಕುವ ಜಾಗಕ್ಕೂ ತಡೆ ಹಾಕಿದೆ. ಮುಖ್ಯಸ್ಥರಿಗೂ ಪರೀಕ್ಷೆಯವರಿಗೂ ಬರೆದು ತಿಳಿಸಿದೆ.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಆ ಪುಟ ತೆಗೆದು ನೋಡಿದರೆ, ನನ್ನ ದೂರಿನ ಕೆಳಗೆ ಬೇರೆ ಬೇರೆ ದೇಶದ ಮೂವರು ತಮ್ಮ ಕಾರ್ಡೂ ಹಾಗೆಯೇ ಆಯಿತು ಎಂದು ಬರೆದಿದ್ದರು. ಅದರ ಕೆಳಗೆ, ಆ ಭಾಗ ನೋಡಿಕೊಳ್ಳುವವನ ಉತ್ತರ. ಈ ತಪ್ಪು ನನ್ನದು, ಆ ಕಾರ್ಡಿನ ಮೇಲೆ ನಾನು ಪರೀಕ್ಷಿಸಲಿಲ್ಲ, ಕ್ಷಮಿಸಿ, ಸರಿಪಡಿಸಿದ್ದನ್ನು ಮುಂದಿನ ವಾರ ಕಳಿಸುತ್ತೇನೆ. ನಾಲ್ಕೇ ಸಾಲು, ಕೆಳಗೆ ಅವನ ಹೆಸರು. ಜಗತ್ತೇ ಓದುವ ಜಾಗದಲ್ಲಿ ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳಬಹುದೆಂದು ನಾನು ಎಣಿಸಿರಲಿಲ್ಲ. ಮೆಚ್ಚುಗೆಯಾಯಿತು. ಹಿಂದೆಯೇ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ, ಕಾಷನ್ ಹಾಕಿದ್ದಾಯಿತಲ್ಲ, ಚೀಟಿ ಯಾರಿಗೆ ಕೊಟ್ಟಿರಿ ಎಂದು ಕೇಳಿದಳು. ಮುಖ್ಯಸ್ಥರ ಹೆಸರು ಹೇಳಿದೆ. ಅವರೇನು ಡ್ರೈವರಾ ಎಂದಳು. ಅವಳು ತಮಾಷೆಗೇ ಕೇಳಿದ್ದು. ನನಗೆ ಮಾತ್ರ ಅಲ್ಲಿಗೇ ಕಟ್ಟೆ ಒಡೆಯಿತು. ವರ್ಷದ ಹಿಂದಿನ ಪರೀಕ್ಷೆ, ನರ್ಸು, ಮಡಿಲಲ್ಲಿಟ್ಟುಕೊಂಡ ಕೈ, ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಒಲೆಯ ಮೇಲಿನ ಹಾಲು ಇಳಿಸಿ ಬಂದು ಎದುರಿಗೆ ಕೂತಳು.

"ಬಿರುಕು ಎಲ್ಲಿದೆ ಅಂತ ಹೇಳಿದ್ರೆ ಡ್ರೈವರು ಅಲ್ಲಷ್ಟೇ ನಿಧಾನ ಹೋಗ್ತಾನೆ ಕಣ್ರೀ. ಹೇಳ್ದೇ ಇದ್ರೆ ಪಾಪ, ಇಡೀ ದಾರಿ ಹೆದ್ರುಕೊಂಡೇ ಹೋಗ್ಬೇಕು."

ಶುಕ್ರವಾರ ಬೆಳಗ್ಗೆ ನರ್ಸು ಎಲ್ಲರಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ವರ್ಷದಲ್ಲಿ ಸ್ವಲ್ಪ ಇಳಿದುಹೋಗಿದ್ದರು. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದರು, ಈ ಸಲ ಏನೂ ಒತ್ತುವುದಿಲ್ಲ ಸಾರ್ ಎಂದು ನಗಲು ನೋಡಿದರು. ಪಕ್ಕದ ಖಾಲಿ ಕೋಣೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಏನೇನೋ ಪೀಠಿಕೆ ಕಟ್ಟಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

"ಸಿಸ್ಟರ್, ಹೋದ್ ಸಲ ಅದು ನಿಮ್ ಕೈಯಿಂದ ಆಗಿದ್ದಲ್ಲ. ಯಂತ್ರ ತಾನೇ ಆಫ್ ಆಗೋ ಹಂಗೆ ನಾನು ಬರ್ದಿಟ್ಟಿದ್ದೆ. ಅವತ್ತೇ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಅವರಿಗೆ ಸಿಟ್ಟು ಬರಲೆಂದು ಕಾದೆ. ಮುಂದೇನು ಮಾಡಬೇಕೆನ್ನುತ್ತೀರೋ ಮಾಡುತ್ತೇನೆ, ವರದಿಯನ್ನು ತಿದ್ದಲು ಮೇಲಿನವರಿಗೆ ಪತ್ರ ಬರೆದು ತಂದಿದ್ದೇನೆ ಎಂದು ಜೇಬಿನಿಂದ ತೆಗೆದೆ. ಅದನ್ನು ಅವರು ನೋಡಲೂ ಇಲ್ಲ. ಬೆಂಚಿನ ಮೇಲೆ ಕೂತುಕೊಂಡರು. ಅಲ್ಲಿಯವರೆಗೆ ಸಾರ್ ಎನ್ನುತ್ತಿದ್ದವರು ಮೊದಲ ಸಲ ನನ್ನನ್ನು ಬೇರೆ ರೀತಿ ಕರೆದರು.

"ಮೂವತ್ ವರ್ಷ ಮಕ್ಳಿಗೆ ಸೂಜಿ ಹಾಕಿದ್ದೀನಿ ಕಣಪ್ಪಾ. ಒಂದ್ ಕೂಸಿಗೂ ಕೈ ನಡುಗಿರ್ಲಿಲ್ಲ. ಹೋದ್ ವರ್ಷದಿಂದ ಪಕ್ಕದಲ್ಲಿ ಇನ್ನೊಬ್ರನ್ನ ನಿಲ್ಲಿಸ್ಕೊಂಡೇ ಹಾಕ್ತೀನಿ. ಕೈ ಹೋಯ್ತು, ವಯಸ್ಸಾಯ್ತು ಅಂತ ಒಪ್ಕೊಂಡ್ಬಿಟ್ಟಿದ್ದೆ."

ನಾನು ಒಂದು ಪರೀಕ್ಷೆ ಕೆಡಿಸಿದೆ ಎಂದಷ್ಟೇ ತಿಳಿದಿದ್ದೆ. ಅಷ್ಟರಲ್ಲಿ ಒಳಗೆ ಹೆಸರು ಕೂಗಿದರು. ಅವರು ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಪರೀಕ್ಷೆ ಮುಗಿಯುವವರೆಗೂ ನಾನು ಆ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಯಂತ್ರಗಳು ಕದಲಲಿಲ್ಲ. ಹೊರಗೆ ಬಂದವರು ಬಸ್ಸಿಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡು ಹೊರಟುಬಿಟ್ಟರು. ಹೇಗೆ ಬರೆದಿರಿ ಎಂದು ಕೇಳಲು ನನಗೂ ಮುಖವಿರಲಿಲ್ಲ.

ಮುಂದಿನ ವಾರ, ಆ ಮನುಷ್ಯ ಹೇಳಿದ ಮಾತಿನಂತೆ, ಸರಿಪಡಿಸಿದ ಅಪ್‌ಡೇಟ್ ಬಂತು. ಅಜ್ಜಂಪುರದ ಯಂತ್ರ ನೆಟ್‌ವರ್ಕಿಗೆ ಸೇರಿತು, ತರೀಕೆರೆಯವೂ ಎದ್ದವು. ಬುಧವಾರ ಕಡೂರಿನ ಬ್ಲಾಕಿನಲ್ಲಿ ಕಾಷನ್ ತೆಗೆದು ಹೊಸ ತಿರುಳು ಹಾಕಿದೆ. ಮರುದಿನ ಮಧ್ಯಾಹ್ನ ನರ್ಸಿನ ಫೋನ್ ಬಂತು. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ, ಅದರ ವಿಷಯ ಅವರು ಎತ್ತಲೂ ಇಲ್ಲ. ಹಿಂದುಗಡೆ ಮಕ್ಕಳು ಅಳುವ ಸದ್ದು, ತಾಯಂದಿರ ಸಮಾಧಾನದ ಮಾತು ಕೇಳಿಸುತ್ತಿತ್ತು.

"ಈವತ್ತು ಒಬ್ಳೇ ಹಾಕ್ದೆ ಕಣಪ್ಪಾ" ಎಂದರು. "ಪಕ್ಕದಲ್ಲಿ ಯಾರನ್ನೂ ನಿಲ್ಲಿಸ್ಕೊಳ್ಲಿಲ್ಲ."